ಒಂದೇ ಕಂಪ್ಯೂಟರಿನಲ್ಲಿ ಎರಡು ವಿಂಡೋಸ್: ಡಿಟಿಪಿ ಅಂಗಡಿಯ ಅನುಭವ

ಉಡುಪಿಯ ರಥಬೀದಿಯಿಂದ ಕೂಗಳತೆಯ ದೂರದಲ್ಲಿರುವ ನನ್ನ ಡಿಟಿಪಿ ಅಂಗಡಿಗೆ ಬರುವ ಕೆಲಸಗಳಲ್ಲಿ ಹೆಚ್ಚಿನವು ಹಳೆಯವೇ. ಕಳೆದ ವರ್ಷದ ನೇಮೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ದಿನಾಂಕ, ಅನ್ನಸಂತರ್ಪಣೆಯ ಹೊತ್ತು ಮತ್ತು ನಾಲ್ಕು ದಾನಿಗಳ ಹೆಸರು ಬದಲಾಯಿಸಿದರೆ ಈ ವರ್ಷದ ಪತ್ರಿಕೆ ಸಿದ್ಧ. ಆದರೆ ಆ ಕಡತಗಳೆಲ್ಲ ಯುನಿಕೋಡ್ (ಈಗ ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಹಳೆಯ ಅಕ್ಷರಗಳಲ್ಲಿ, ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ಇವೆ; ಅವುಗಳಿಗೆ ಬೇಕಾದ ಕನ್ನಡ ಲಿಪಿ ತಂತ್ರಾಂಶವು ಡಾಂಗಲ್ ಎಂಬ ಪುಟ್ಟ ಪರವಾನಗಿ ಸಾಧನವನ್ನು ಕಂಪ್ಯೂಟರಿಗೆ ಚುಚ್ಚದೆ ಏಳುವುದಿಲ್ಲ. ಡಾಂಗಲನ್ನು ವಿಂಡೋಸಿಗೆ ಪರಿಚಯಿಸುವ ಡ್ರೈವರ್ ತಂತ್ರಾಂಶ 32 ಬಿಟ್‌ನದು. 64 ಬಿಟ್ ವಿಂಡೋಸ್ 32 ಬಿಟ್‌ನ ಸಾಮಾನ್ಯ ಪ್ರೋಗ್ರಾಮುಗಳನ್ನು ನಡೆಸುತ್ತದೆಯಾದರೂ ಡ್ರೈವರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಹಾಗಾಗಿ ನಾನು 32 ಬಿಟ್‌ನ ವಿಂಡೋಸ್ 7ರಲ್ಲೇ ಉಳಿದಿದ್ದೆ. 2020ರ ಜನವರಿ 14ಕ್ಕೆ ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಬೆಂಬಲ ಮುಗಿದಾಗ, ಗಿರಾಕಿಗಳ ಮೇಲ್ ಮತ್ತು ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ಮುಂದುವರಿಸುವುದು ಸರಿಯೆನಿಸಲಿಲ್ಲ. ಅಲ್ಲದೆ ಕಂಪ್ಯೂಟರಿನಲ್ಲಿ 8 ಜಿಬಿ ರ‍್ಯಾಮ್ ಇದ್ದರೂ 32 ಬಿಟ್ ವಿಂಡೋಸ್ 7ಕ್ಕೆ 4 ಜಿಬಿಗಿಂತ ಹೆಚ್ಚು ಬಳಸಲು ಬಾರದು. ಒಂದು ವಿಂಡೋಸಿನೊಳಗೇ ಇನ್ನೊಂದನ್ನು ನಡೆಸುವ ವರ್ಚುವಲ್ ಯಂತ್ರವನ್ನೂ ಪ್ರಯತ್ನಿಸಿದೆ. ಅದರೊಳಗೆ ನನ್ನ ಡಾಂಗಲ್ ಗುರುತೇ ಸಿಗಲಿಲ್ಲ. ಕೊನೆಗೆ ವಿಂಡೋಸ್ 7ನ್ನು ಇದ್ದಲ್ಲೇ ಇಟ್ಟುಕೊಂಡು, ಪಕ್ಕದಲ್ಲಿ 64 ಬಿಟ್‌ನ ವಿಂಡೋಸ್ 10ನ್ನು ಹಾಕುವುದೆಂದು ತೀರ್ಮಾನಿಸಿ, ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಕೊಂಡೆ. ಹಳೆಯದು ಮೊದಲು, ಹೊಸದು ನಂತರ ಎಂಬ ಕ್ರಮವೇ ಇಲ್ಲಿ ಅನುಕೂಲಕರ, ಏಕೆಂದರೆ ಹೊಸ ಆವೃತ್ತಿಯ ಬೂಟ್ ಲೋಡರಿಗೆ (ಕಂಪ್ಯೂಟರ್ ಹಾಕಿದಾಗ ವಿಂಡೋಸನ್ನು ಎಬ್ಬಿಸುವ ಪ್ರೋಗ್ರಾಮು) ಹಳೆಯದನ್ನು ಎಬ್ಬಿಸುವುದು ಗೊತ್ತು, ಹಳೆಯದಕ್ಕೆ ಹೊಸದರ ಪರಿಚಯವಿಲ್ಲ.

ಮೊದಲ ತೊಡಕು ಡಿಸ್ಕಿನಲ್ಲೇ ಎದುರಾಯಿತು. ಸಿ ವಿಭಾಗವನ್ನು ಕುಗ್ಗಿಸಿ, ಉಳಿದ ಖಾಲಿ ಜಾಗದಲ್ಲಿ ಹೊಸ ವಿಭಾಗ ಮಾಡಲು ಹೊರಟಾಗ ಡಿಸ್ಕ್ ಮ್ಯಾನೇಜ್‌ಮೆಂಟ್ ಇಡೀ ಡಿಸ್ಕನ್ನು ಡೈನಾಮಿಕ್ ಎಂಬ ಬೇರೆ ಬಗೆಯ ವಿಭಾಗ ಪದ್ಧತಿಗೆ ಬದಲಿಸಲೇ ಎಂದು ಕೇಳಿತು. ನನ್ನ ಡಿಸ್ಕಿನದು ಎಂಬಿಆರ್ ಎಂಬ ಹಳೆಯ ವಿಭಾಗ ಪದ್ಧತಿ; ಅಂಥ ಡಿಸ್ಕಿನಲ್ಲಿ ಪ್ರೈಮರಿ ವಿಭಾಗಗಳು ನಾಲ್ಕಕ್ಕಿಂತ ಹೆಚ್ಚು ಇರಲಾರವು. ವಿಂಡೋಸ್ 7 ತಾನೇ ಮಾಡಿಕೊಂಡಿದ್ದ 100 ಎಂಬಿಯ ಸಿಸ್ಟಮ್ ರಿಸರ್ವ್ಡ್ ಎಂಬುದನ್ನು ಸೇರಿಸಿದರೆ ನನ್ನಲ್ಲಿ ನಾಲ್ಕು ಆಗಲೇ ತುಂಬಿದ್ದವು. ಆ ಪ್ರಶ್ನೆಗೆ ಅವಸರದಲ್ಲಿ ಹೌದೆಂದರೆ ಡಿಸ್ಕನ್ನು ಅಳಿಸದೆ ಹಿಂದಕ್ಕೆ ಬರುವ ನೇರ ದಾರಿ ವಿಂಡೋಸ್‌ನಲ್ಲಿ ಇಲ್ಲ. ನಾನು ಬೇಡವೆಂದು ಒತ್ತಿ, ಇ ವಿಭಾಗದಲ್ಲಿದ್ದ ಯಕ್ಷಗಾನ ಕರಪತ್ರಗಳ ಫೋಟೋಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸಿ, ಆ ವಿಭಾಗವನ್ನೇ ವಿಂಡೋಸ್ 10ಕ್ಕೆ ಬಿಟ್ಟುಕೊಟ್ಟೆ. ಅದಕ್ಕೆ ಮೊದಲೇ ಇಂಗ್ಲಿಷ್ ಅಕ್ಷರಗಳಲ್ಲಿ ‘ಹೊಸತು’ ಎಂದು ಹೆಸರು ಕೊಟ್ಟದ್ದು ಒಳ್ಳೆಯದಾಯಿತು, ಏಕೆಂದರೆ ಪೆನ್‌ಡ್ರೈವಿನಿಂದ ಬೂಟ್ ಮಾಡಿದ ಸೆಟಪ್ ಪರದೆಯಲ್ಲಿ ಸಿ, ಡಿ, ಇ ಎಂಬ ಅಕ್ಷರಗಳು ಕಾಣುವುದಿಲ್ಲ. ಪಾರ್ಟಿಷನ್ 1, 2, 3 ಎಂದಷ್ಟೇ ಇರುತ್ತದೆ.

ಬಯೋಸ್‌ನ ಬೂಟ್ ಪಟ್ಟಿಯಲ್ಲಿ ಪೆನ್‌ಡ್ರೈವ್ ಎರಡು ಬಾರಿ ಕಂಡಿತು, ಒಂದರ ಹೆಸರಿನ ಮೊದಲು ಯುಇಎಫ್‌ಐ (ಬಯೋಸ್‌ನ ಹೊಸ ಪೀಳಿಗೆ) ಎಂದಿತ್ತು. ಮೊದಲು ಅದನ್ನೇ ಆರಿಸಿ, ಎಂಬಿಆರ್ ಡಿಸ್ಕಿಗೆ ಹಾಕಲಾಗದು ಎಂದು ಸೆಟಪ್‌ನಿಂದ ಬೈಸಿಕೊಂಡೆ. ಇನ್ನೊಂದರಿಂದ ಹೊರಟಾಗ ಸರಾಗವಾಗಿ ನಡೆಯಿತು. ‘ಅಪ್‌ಗ್ರೇಡ್’ ಬಿಟ್ಟು ‘ಕಸ್ಟಮ್’ ಆರಿಸಬೇಕೆಂಬುದನ್ನು ಹೇಳಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು: ಪ್ರತಿಯೊಂದು ವಿಂಡೋಸ್ ತಾನಿರುವ ವಿಭಾಗವನ್ನೇ ಸಿ ಎಂದು ಕರೆದುಕೊಳ್ಳುತ್ತದೆ. ಇಲ್ಲಿಯ ಸಿ ಅಲ್ಲಿಯ ಸಿ ಅಲ್ಲ. ಕಡತಗಳನ್ನಿಡುವ ಡಿ ಮಾತ್ರ ಎರಡು ಕಡೆಯೂ ಡಿ ಆಗಿಯೇ ಇರುವಂತೆ ಅಕ್ಷರವನ್ನು ಕೈಯಿಂದ ಹೊಂದಿಸಿದೆ.

ನಿಜವಾದ ಪಾಠ ಕಲಿತದ್ದು ಆ ಡಿ ವಿಭಾಗದಿಂದ. ಬ್ರಹ್ಮಕಲಶೋತ್ಸವ ಸಮಿತಿಯವರು ಕಳುಹಿಸಿದ ಯುನಿಕೋಡ್ ಬರಹವನ್ನು ವಿಂಡೋಸ್ 10ರಲ್ಲಿ ಹಳೆಯ ಅಕ್ಷರಕ್ಕೆ ಪರಿವರ್ತಿಸಿ ಡಿಯಲ್ಲಿಟ್ಟು, ಕಂಪ್ಯೂಟರನ್ನು ಬಂದ್ ಮಾಡಿ, ವಿಂಡೋಸ್ 7ರಲ್ಲಿ ಪುಟ ಕಟ್ಟುವುದು ನನ್ನ ಕ್ರಮವಾಗಿತ್ತು. ಕೆಲವು ದಿನಗಳಿಂದ ವಿಂಡೋಸ್ 7 ಏಳುವಾಗ ಡಿ ವಿಭಾಗವನ್ನು ಪರೀಕ್ಷಿಸಬೇಕು, ಬೇಡವಾದರೆ ಯಾವುದಾದರೂ ಕೀಲಿ ಒತ್ತಿ ಎಂಬ ಪರದೆ ಬರುತ್ತಿತ್ತು. ನಾನು ಪ್ರತಿ ಬಾರಿಯೂ ಕೀಲಿ ಒತ್ತಿ ದಾಟುತ್ತಿದ್ದೆ. ಒಂದು ದಿನ ಸಂಜೆ ಕಟ್ಟಿ ಮುಗಿಸಿದ ಹದಿನಾರು ಪುಟಗಳ ಕಡತ, ಮರುದಿನ ವಿಂಡೋಸ್ 10ರಿಂದ ನೋಡಿದಾಗ ಡಿಯಲ್ಲಿ ಇರಲೇ ಇಲ್ಲ. ಅಷ್ಟರಲ್ಲಿ ಸಮಿತಿಯ ಕಾರ್ಯದರ್ಶಿಗಳು ಫೋನಿನಲ್ಲಿ, “ಎಂತ ಮಾರಾಯ್ರೆ, ಪ್ರೂಫ್ ಇನ್ನೂ ಆಗ್ಲಿಲ್ವಾ?” ಎಂದರು.

ಕಾರಣ ವಿಂಡೋಸ್ 10ರ ಫಾಸ್ಟ್ ಸ್ಟಾರ್ಟಪ್. ಶಟ್ ಡೌನ್ ಒತ್ತಿದಾಗ ಅದು ಪೂರ್ತಿ ನಿಲ್ಲುವುದಿಲ್ಲ; ತೆರೆದ ಪ್ರೋಗ್ರಾಮುಗಳನ್ನು ಮುಚ್ಚಿ, ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಆ ಸ್ಥಿತಿಯಲ್ಲಿ ಡಿ ವಿಭಾಗದ ಲೆಕ್ಕವೂ ಸೇರಿರುತ್ತದೆ. ನಡುವೆ ವಿಂಡೋಸ್ 7 ಬಂದು ಅಲ್ಲಿ ಹೊಸ ಕಡತ ಬರೆದರೆ, ಎದ್ದ ವಿಂಡೋಸ್ 10 ತನ್ನ ಹಳೆಯ ಲೆಕ್ಕವನ್ನೇ ನಂಬಿ ಮುಂದುವರಿಯುತ್ತದೆ. ರಿಸ್ಟಾರ್ಟ್ ಒತ್ತಿದರೆ ಮಾತ್ರ ಪೂರ್ತಿ ನಿಂತು ಏಳುತ್ತದೆ. ಹೆಸರು ನೋಡಿದರೆ ತದ್ವಿರುದ್ಧವೆನಿಸುವುದು ಸಹಜ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ನಿಗೆ ಸಂಬಂಧಿಸಿದ ಪುಟದಲ್ಲಿ ಇದರ ಟಿಕ್ ತೆಗೆಯಬಹುದು, ಆದರೆ ಮೊದಲಿಗೆ ಅದು ಮಸುಕಾಗಿರುತ್ತದೆ. ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್’ ಸಾಲನ್ನು ಒತ್ತಿದ ಮೇಲಷ್ಟೇ ಕೈಗೆ ಸಿಗುತ್ತದೆ. ಹದಿನಾರು ಪುಟಗಳನ್ನು ರಾತ್ರಿ ಕುಳಿತು ಮತ್ತೆ ಕಟ್ಟಿದೆ. ಟಿಕ್ ತೆಗೆದ ಬಳಿಕ ಡಿಸ್ಕ್ ಪರೀಕ್ಷೆಯ ಪರದೆ ಮತ್ತೆ ಬಂದಿಲ್ಲ.

ಯಾವ ವಿಂಡೋಸ್ ಬೇಕೆಂದು ಕೇಳುವ ಮೆನುವಿನ ವಿಷಯ ಚಿಕ್ಕದು. ವಿಂಡೋಸ್ 10ರ ನೀಲಿ ಮೆನು, ಹಳೆಯದನ್ನು ಆರಿಸಿದರೆ ಯಂತ್ರವನ್ನು ಮತ್ತೊಮ್ಮೆ ರಿಸ್ಟಾರ್ಟ್ ಮಾಡಿಸುತ್ತದೆ. ಬೂಟ್ ಮೆನು ಪಾಲಿಸಿಯನ್ನು ಲೆಗಸಿಗೆ ಬದಲಿಸಿದಾಗ ಕಪ್ಪು ಪರದೆಯ ಹಳೆಯ ಪಟ್ಟಿ ಬಂದು ಆ ವಿಳಂಬ ತಪ್ಪಿತು. 30 ಸೆಕೆಂಡಿನ ಕಾಯುವಿಕೆಯನ್ನು 8ಕ್ಕೆ ಇಳಿಸಿದೆ. ಎರಡರಲ್ಲೂ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಹಾಕಿಕೊಂಡಿದ್ದರಿಂದ ಕೆ. ಪಿ. ರಾವ್ ಕೀಲಿಮಣೆ ವಿನ್ಯಾಸಕ್ಕೆ ಪಳಗಿದ ಬೆರಳುಗಳಿಗೆ ವ್ಯತ್ಯಾಸ ತಿಳಿಯಲಿಲ್ಲ. ವಿಂಡೋಸ್ 7ರಲ್ಲಿ ನೆಟ್‌ವರ್ಕ್ ಅಡಾಪ್ಟರನ್ನು ಭದ್ರತೆಗಾಗಿ ಡಿಸೇಬಲ್ ಮಾಡಿಟ್ಟೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲವೂ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಈ ಯಂತ್ರದಲ್ಲಿ ಇಲ್ಲ. ಮೇಲ್ ಮತ್ತು ಬ್ಯಾಂಕಿನ ಕೆಲಸ ಈಗ ಬೇರೆ ಲ್ಯಾಪ್‌ಟಾಪಿಗೆ ಹೋಗಿದೆ. ಹಳೆಯ ಯಂತ್ರ ಕೇಬಲ್ ಕಳಚಿಕೊಂಡು, ಡಾಂಗಲ್ ಸಹಿತ ಮೂಲೆಯ ಮೇಜಿನಲ್ಲಿದೆ, ಮುಂದಿನ ನೇಮೋತ್ಸವದ ಪತ್ರಿಕೆ ಅದರಲ್ಲೇ ಆಗಬೇಕು.