ಬೋರ್ ನೀರಿನ ಊರಲ್ಲಿ ಕುಂಡದ ನಿಂಬೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮಹಡಿ ಮೇಲಿನ ನಿಂಬೆ ಗಿಡ ಸೊರಗಿದರೆ ಜನ ಮೊದಲು ಮಾಡುವ ಕೆಲಸ ಗೊಬ್ಬರ ಹಾಕುವುದು. ಹಾಕುವ ಮುಂಚೆ ಒಮ್ಮೆ ಕುಂಡದ ಅಂಚು ನೋಡಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವಂಥ ಬಿಳಿ ಹೆಕ್ಕಳೆ ಅಲ್ಲೂ ಕಟ್ಟಿದ್ದರೆ ಗಿಡಕ್ಕಿರುವುದು ಹಸಿವಲ್ಲ, ನೀರಿನ ಕಾಟ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಆಳದ ಬೋರ್‌ವೆಲ್ಲೇ ಗತಿ. ಆ ನೀರಿನಲ್ಲಿ ಸುಣ್ಣದಂಶ, ಬೈಕಾರ್ಬೊನೇಟ್ ಹೆಚ್ಚು. ಹೊಲದಲ್ಲಾದರೆ ಮಳೆ ಬಂದು ತೊಳೆಯುತ್ತದೆ, ಬೇರು ದೂರ ಹೋಗಿ ಒಳ್ಳೆ ಮಣ್ಣು ಹುಡುಕಿಕೊಳ್ಳುತ್ತದೆ. ಕುಂಡದಲ್ಲಿ ಸುರಿದದ್ದೆಲ್ಲ ಅಲ್ಲೇ ಕೂರುತ್ತದೆ.

ನಿಂಬೆಗೆ ಹಿತವಾದ ಮಣ್ಣಿನ ಪಿಎಚ್, ಅಂದರೆ ಹುಳಿ–ಕ್ಷಾರದ ಅಳತೆ, 6ರಿಂದ 6.5. ಬೋರ್ ನೀರು ಬಿದ್ದು ಬಿದ್ದು ಅದು 7.5 ದಾಟಿತೆಂದರೆ ಮಣ್ಣಿನಲ್ಲಿ ಕಬ್ಬಿಣ ಎಷ್ಟಿದ್ದರೂ ಬೇರಿಗೆ ಸಿಗದು. ನಮ್ಮ ಕೆಮ್ಮಣ್ಣಿನ ಕೆಂಪು ಬಣ್ಣವೇ ಕಬ್ಬಿಣದ್ದು. ಆ ಮಣ್ಣಲ್ಲೇ ನಿಂತ ಗಿಡ ಕಬ್ಬಿಣ ಸಿಗದೆ ಹಳದಿಯಾಗುವುದು ಹೀಗೆ.

ಆದ್ದರಿಂದ ನೀರನ್ನು ಮೊದಲು ಸರಿ ಮಾಡಿ. ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ಮಹಡಿಯ ಪೈಪಿಗೆ ಒಂದು 200 ಲೀಟರ್ ಡ್ರಮ್ ಕೊಟ್ಟರೂ ಎರಡು ಕುಂಡಕ್ಕೆ ವಾರಗಟ್ಟಲೆ ಆಗುತ್ತದೆ. ಅದಿಲ್ಲದಾಗ 10 ಲೀಟರ್ ಬೋರ್ ನೀರಿಗೆ 2–3 ಗ್ರಾಂ, ಅಂದರೆ ಅರ್ಧ ಟೀ ಚಮಚ, ನಿಂಬೆ ಉಪ್ಪು ಕರಗಿಸಿ ಹಾಕಿ. ದಿನಸಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲವೇ ಅದು. ಊರೂರಿಗೆ ನೀರು ಬೇರೆ. ಪಿಎಚ್ ಪಟ್ಟಿ ಅದ್ದಿ ನೋಡಿ, 6–6.5ಕ್ಕೆ ಬಂದರೆ ಸಾಕು, ಅದಕ್ಕಿಂತ ಹುಳಿ ಬೇಡ. ಹದಿನೈದು ದಿನಕ್ಕೊಮ್ಮೆ ಹೀಗೆ ಹದ ಮಾಡಿದ ನೀರನ್ನು ತಳದಿಂದ ಧಾರಾಳವಾಗಿ ಇಳಿದು ಹೋಗುವಷ್ಟು ಹಾಕಿದರೆ ಕೂತ ಉಪ್ಪೂ ತೊಳೆದುಹೋಗುತ್ತದೆ. ಮನೆಯ ಆರ್‌ಒ ಫಿಲ್ಟರ್‌ನಿಂದ ಹೊರಬೀಳುವ ನೀರನ್ನು ಪೋಲಾಗುತ್ತದಲ್ಲ ಎಂದು ನಿಂಬೆಗೆ ಸುರಿಯುವವರು ಬಹಳ. ಅದು ಬೋರ್ ನೀರಿನ ಉಪ್ಪನ್ನೆಲ್ಲ ಗಟ್ಟಿ ಮಾಡಿ ಕೊಟ್ಟ ಹಾಗೆ. ನೆಲ ಒರೆಸಲು ಇಟ್ಟುಕೊಳ್ಳಿ.

ಇದೇ ಲೆಕ್ಕದಲ್ಲಿ ಒಲೆಯ ಬೂದಿ, ಮೊಟ್ಟೆ ಸಿಪ್ಪೆ, ಸುಣ್ಣ ಮೂರೂ ಬೇಡ. ಇರುವ ಪಿಎಚ್ ಇನ್ನೂ ಏರುತ್ತದೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳುವಿನ ಹಾಸಿಗೆ ಕಸ ಬಿಟ್ಟಿ ಸಿಗುತ್ತದೆ, ಗೊಬ್ಬರವಾಗಿ ಒಳ್ಳೆಯದೇ. ಆದರೆ ಹುಳು ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತಾಗ ಹಾಸಿಗೆಗೆ ಸುಣ್ಣದ ಪುಡಿ ಉದುರಿಸುವ ರೂಢಿಯಿದೆ. ಅಂಥ ಕಸ ರಾಗಿ ಹೊಲಕ್ಕೆ ಹೋಗಲಿ, ನಿಂಬೆ ಕುಂಡಕ್ಕೆ ಬೇಡ.

ಗಿಡ ಮತ್ತು ಕುಂಡ

ಬೀಜದಿಂದ ಬಂದ ನಾಟಿ ನಿಂಬೆ ಕಾಯಿ ಬಿಡಲು 4–5 ವರ್ಷ ತೆಗೆದುಕೊಳ್ಳುತ್ತದೆ. ಕಸಿ ಗಿಡವೋ ಗೂಟಿ ಗಿಡವೋ (ರೆಂಬೆಯಲ್ಲೇ ಬೇರು ಬರಿಸಿ ಕತ್ತರಿಸಿದ್ದು) ಆದರೆ ಎರಡನೇ ವರ್ಷದಿಂದ ಕಾಯಿ ನೋಡಬಹುದು. ಕುಂಡಕ್ಕೆ ನಮ್ಮ ಆಯ್ಕೆ ಸೀಡ್‌ಲೆಸ್ ನಿಂಬೆ: ಕಜ್ಜಿ ರೋಗದ ಕಾಟ ನಾಟಿಗಿಂತ ಕಡಿಮೆ. ಉಪ್ಪಿನಕಾಯಿಗೆ ಮಾತ್ರ ನಾಟಿಯ ಪರಿಮಳವೇ ಬೇಕು, ಅದು ಬೇರೆ ಮಾತು. ತುಮಕೂರು ಬಳಿಯ ಹಿರೇಹಳ್ಳಿ ತೋಟಗಾರಿಕೆ ಕೇಂದ್ರದಲ್ಲಿ, ಕೋಲಾರದ ಟಮಕದಲ್ಲಿರುವ ತೋಟಗಾರಿಕೆ ಕಾಲೇಜಿನಲ್ಲಿ ವಿಚಾರಿಸಿ. ಕಸಿ ಗಂಟಿನ ಕೆಳಗೆ ಒಡೆಯುವ ಚಿಗುರನ್ನು ಕಂಡ ಕೂಡಲೇ ಕಿತ್ತುಹಾಕಿ. ಬಿಟ್ಟರೆ ಕಸಿಗೆ ಬುಡವಾಗಿ ಬಳಸುವ ರಂಗಪುರ ನಿಂಬೆಯೇ ಮೇಲೆದ್ದು, ಕಿತ್ತಳೆ ಬಣ್ಣದ ಹುಳಿ ಹಣ್ಣು ಬಿಡುತ್ತದೆ.

ಮೊದಲ ವರ್ಷ 12 ಇಂಚಿನ ಕುಂಡ, ಆಮೇಲೆ 18 ಇಂಚು ಅಗಲ, 18 ಇಂಚು ಎತ್ತರದ್ದು ಅಥವಾ 200 ಲೀಟರ್ ನೀಲಿ ಡ್ರಮ್ಮನ್ನು ಅರ್ಧಕ್ಕೆ ಕೊಯ್ದದ್ದು. ನೇರವಾಗಿ ದೊಡ್ಡದಕ್ಕೆ ಇಟ್ಟರೆ ಬೇರು ಹರಡುವ ಮೊದಲೇ ಮಣ್ಣು ತೇವ ಹಿಡಿದು ಕೊಳೆಯುತ್ತದೆ. ತಳದಲ್ಲಿ ಅರ್ಧ ಇಂಚಿನ 5–6 ತೂತು, ಅವುಗಳ ಮೇಲೆ ಸೊಳ್ಳೆ ಜಾಲರಿಯ ತುಂಡು ಸಾಕು. ಜಲ್ಲಿ ಹಾಸಿದರೆ ನೀರು ಬೇಗ ಬಸಿಯುತ್ತದೆ ಎನ್ನುವುದು ತಪ್ಪು. ತೇವ ನಿಲ್ಲುವ ಪದರ ಇನ್ನಷ್ಟು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ ಅಷ್ಟೆ. ಒದ್ದೆ ಮಣ್ಣು ತುಂಬಿದ ಅರ್ಧ ಡ್ರಮ್ 120 ಕಿಲೋ ದಾಟುತ್ತದೆ. ಮೋಲ್ಡಿನ ನಡುವೆ ಬೇಡ, ಗೋಡೆ ಅಥವಾ ಬೀಮಿನ ಮೇಲೆ ಬರುವಂತೆ, ನಾಲ್ಕು ಇಟ್ಟಿಗೆಯ ಮೇಲಿಡಿ. ಏಪ್ರಿಲ್ ಬಿಸಿಲಿಗೆ ಕಾದ ಕಾಂಕ್ರೀಟು ತಳದ ಬೇರನ್ನು ಬೇಯಿಸುತ್ತದೆ. ಕಪ್ಪು ಗ್ರೋಬ್ಯಾಗಾದರೆ ಸುತ್ತ ಗೋಣಿ ಕಟ್ಟಿ.

ಮಣ್ಣಿನ ಮಿಶ್ರಣ: ಕೆಮ್ಮಣ್ಣು 4 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 3, ತೆಂಗಿನ ನಾರಿನ ಪುಡಿ 2, ದಪ್ಪ ಮರಳು 1. ಅರ್ಧ ಡ್ರಮ್ಮಿಗೆ ಬೇವಿನ ಹಿಂಡಿ 250 ಗ್ರಾಂ. ನಾರಿನ ಪುಡಿ ತುಮಕೂರು ಜಿಲ್ಲೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಹಸಿ ಪುಡಿಯನ್ನು ಮಾತ್ರ ಎರಡು ಮೂರು ಸಲ ನೆನೆಸಿ, ಚಹಾ ಬಣ್ಣದ ನೀರು ಹೋಗುವವರೆಗೂ ಹಿಂಡಿ. ಕೆರೆ ಗೋಡು ಕುಂಡದಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಬಿಡಿ. ಮೇಲೆ ಎರಡು ಇಂಚು ಕಡಲೆಕಾಯಿ ಸಿಪ್ಪೆ ಹಾಸಿದರೆ ಬೇಸಿಗೆಯಲ್ಲಿ ನೀರು ಉಳಿಯುತ್ತದೆ, ಕಾಂಡಕ್ಕೆ ತಾಗದಿರಲಿ.

ಎಲೆ ಓದುವುದು

ಹೊಸ ಚಿಗುರು ಹಳದಿ, ನರ ಮಾತ್ರ ಬಲೆಯಂತೆ ಹಸಿರು: ಕಬ್ಬಿಣ ಸಿಗುತ್ತಿಲ್ಲ. ಹೊಸ ಎಲೆ ಕಿರಿದಾಗಿ, ನರಗಳ ನಡುವೆ ಹಳದಿ ಮಚ್ಚೆ: ಸತು. ಹಳೆ ಎಲೆಯಲ್ಲಿ ತೊಟ್ಟಿನ ಕಡೆ ಹಸಿರು ಗೋಪುರ ಉಳಿದು ಅಂಚು ಹಳದಿಯಾದರೆ ಮೆಗ್ನೀಷಿಯಂ. ಹಳೆ ಎಲೆ ಪೂರ್ತಿ ಮಂಕಾಗಿದ್ದರೆ ಮಾತ್ರ ಸಾರಜನಕ, ಅಂದರೆ ಜನ ಹಾಕುವ ಗೊಬ್ಬರ ಕೆಲಸ ಮಾಡುವುದು ಇದೊಂದಕ್ಕೇ.

ಕಬ್ಬಿಣಕ್ಕೆ ಅಂಗಡಿಯಲ್ಲಿ ಇಡಿಟಿಎ ಎಂಬ ರಾಸಾಯನಿಕದ ಜೊತೆ ಬೆಸೆದದ್ದು ಕೊಡುತ್ತಾರೆ. ಕ್ಷಾರದ ಮಣ್ಣಲ್ಲಿ ಅದು ನಿಲ್ಲದು. ಇಡಿಡಿಎಚ್‌ಎ ಎಂದು ಕೇಳಿ. ನೀರಿಗೆ ಹಾಕಿದರೆ ರಕ್ತದಂತೆ ಕೆಂಪಾಗುವುದೇ ಗುರುತು. ದೊಡ್ಡ ಕುಂಡಕ್ಕೆ 5 ಗ್ರಾಂ, ಸಂಜೆ ಹೊತ್ತು. ಹಳದಿಯಾದ ಎಲೆಗಿಂತ ಮುಂದೆ ಬರುವ ಚಿಗುರು ನೋಡಿ ಫಲ ಅಳೆಯಿರಿ. ಸತು, ಕಬ್ಬಿಣ ಎರಡೂ ಸೇರಿರುವ ಸಿಟ್ರಸ್ ಸ್ಪೆಷಲ್ ಪುಡಿಯನ್ನು ಪ್ಯಾಕೆಟ್ಟಿನ ಅಳತೆಯಲ್ಲೇ ಎಳೆ ಎಲೆಗೆ ಸಿಂಪಡಿಸಬಹುದು. ಮೆಗ್ನೀಷಿಯಂಗೆ ಎಪ್ಸಂ ಉಪ್ಪು ಲೀಟರಿಗೆ 10 ಗ್ರಾಂ.

ಮಾಮೂಲಿ ಊಟಕ್ಕೆ ತಿಂಗಳಿಗೆ 15 ಗ್ರಾಂ ಅಮೋನಿಯಂ ಸಲ್ಫೇಟ್, ಎರಡು ತಿಂಗಳಿಗೊಮ್ಮೆ 100 ಗ್ರಾಂ ಹೊಂಗೆ ಹಿಂಡಿ, ಒಂದು ಕಿಲೋ ಎರೆಗೊಬ್ಬರ. ಅಮೋನಿಯಂ ಸಲ್ಫೇಟ್ ಮಣ್ಣನ್ನು ತುಸು ಹುಳಿ ಮಾಡುವುದೂ ಇಲ್ಲಿ ಲಾಭವೇ.

ಹೂ, ಕಾಯಿ, ಹುಳ

ಎರಡು ಇಂಚು ಬೆರಳು ಊರಿದಾಗ ಮಣ್ಣು ಒಣಗಿದ್ದರೆ ನೀರು. ಬೇಸಿಗೆಯಲ್ಲಿ ದೊಡ್ಡ ಕುಂಡಕ್ಕೆ ದಿನಕ್ಕೆ 4–6 ಲೀಟರ್ ಬೇಕಾದೀತು. ಡಿಸೆಂಬರ್ ಚಳಿಯಲ್ಲಿ ವಾರಕ್ಕೆರಡು ಸಲ ಸಾಕು. ಒಣಗಿಸಿ ಒಣಗಿಸಿ ಒಮ್ಮೆಲೇ ಸುರಿದರೆ ಎಳೆಕಾಯಿ ಉದುರುತ್ತದೆ, ಬಲಿತ ಕಾಯಿ ಬಿರಿಯುತ್ತದೆ. ಹೂವಿನಲ್ಲಿ ಬಹುಪಾಲು ಉದುರುವುದು ನಿಂಬೆಯ ಸ್ವಭಾವ, ಅದಕ್ಕೆ ಮದ್ದು ಹುಡುಕಬೇಡಿ.

ನಿಂಬೆಗೆ ಬೆಲೆ ಏರುವುದು ಬೇಸಿಗೆಯಲ್ಲಿ. ಹೂವಿನಿಂದ ಹಣ್ಣಿಗೆ 5–6 ತಿಂಗಳು. ಅಂದರೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೂ ಬಿಡಿಸಬೇಕು. ಅದಕ್ಕೆ ಬೇರಿಗೆ ಒಣ ತಾಪ ಕೊಡಬೇಕು, ಆದರೆ ನಮ್ಮಲ್ಲಿ ಜೋರು ಮಳೆಯೇ ಆಗ. ತೋಟದವರಿಗಿಲ್ಲದ ಅನುಕೂಲ ಕುಂಡದವರಿಗಿದೆ: ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಕಾಂಡಕ್ಕೆ ಕಟ್ಟಿ, ನೀರು ನಿಲ್ಲಿಸಿ. ಮಧ್ಯಾಹ್ನ ಬಾಡಿದ ಎಲೆ ಸಂಜೆಯಾದರೂ ಎದ್ದು ನಿಲ್ಲದ ದಿನ ಹಾಳೆ ಬಿಚ್ಚಿ, ತುಂಬ ನೀರು ಕೊಟ್ಟು ಗೊಬ್ಬರ ಹಾಕಿ. ಕುಂಡದಲ್ಲಿ ಇದು ಒಂದು ವಾರದ ಆಟ. ಇನ್ನೆರಡು ದಿನ ಇರಲಿ ಎಂದರೆ ಎಲೆಯೆಲ್ಲ ಉದುರಿ ಗಿಡವೇ ಹೋದೀತು. ಎರಡು ವರ್ಷ ತುಂಬದ ಗಿಡಕ್ಕೆ ಈ ಪ್ರಯೋಗ ಬೇಡವೇ ಬೇಡ.

ಚಿಗುರೆಲೆಯ ಮೇಲೆ ಬೆಳ್ಳಿ ಗೆರೆ ಎಳೆಯುವ ರಂಗೋಲಿ ಹುಳು ಮಾಡಿದ ಗಾಯದಿಂದ ಕಜ್ಜಿ ಸುಲಭವಾಗಿ ಒಳಗೆ ಇಳಿಯುತ್ತದೆ. ಚಿಗುರು ಬೆರಳುದ್ದ ಇದ್ದಾಗ ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಸ್ವಲ್ಪ ಸೋಪು ನೀರು ಸೇರಿಸಿ ಸಂಜೆ ಸಿಂಪಡಿಸಿ. ಕಜ್ಜಿ ಹಿಡಿದ ರೆಂಬೆಯನ್ನು ಮುಂಗಾರಿಗೆ ಮುಂಚೆ, ಒಣ ಹವೆಯಲ್ಲಿ ಕತ್ತರಿಸಿ ಸುಟ್ಟು, ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಹೊಡೆಯಿರಿ. ಹಕ್ಕಿ ಹಿಕ್ಕೆಯಂತೆ ಎಲೆಗೆ ಅಂಟಿ ಕೂತದ್ದು ಮುಟ್ಟಿದರೆ ಕೊಂಬು ಚಾಚಿ ನಾರಿದರೆ ನಿಂಬೆ ಚಿಟ್ಟೆಯ ಮರಿ, ಕೈಯಲ್ಲೇ ಆರಿಸಿ. ಪಕ್ಕದ ಕರಿಬೇವನ್ನೂ ಹುಡುಕಿ, ಆ ಚಿಟ್ಟೆಗೂ ಚಿಗುರಿನ ರಸ ಹೀರುವ ಸಿಲ್ಲಾ ಹೇನಿಗೂ ಅದು ಎರಡನೇ ಮನೆ.

ಮೂರು ವರ್ಷಕ್ಕೊಮ್ಮೆ, ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ಗಿಡವನ್ನು ಮಣ್ಣುಗಡ್ಡೆ ಸಮೇತ ಎತ್ತಿ, ಸುತ್ತಿಕೊಂಡ ಬೇರನ್ನು ಹೊರಗಿನಿಂದ ಒಂದು ಇಂಚು ಸವರಿ, ಹೊಸ ಮಿಶ್ರಣ ತುಂಬಿ ಅದೇ ಕುಂಡದಲ್ಲಿ ಕೂರಿಸಿ. ಎತ್ತಿದಾಗ ಕುಂಡದ ಒಳಗೋಡೆಯ ಬಿಳಿ ಹೆಕ್ಕಳೆಯನ್ನು ನಿಂಬೆ ಉಪ್ಪಿನ ನೀರಿನಲ್ಲಿ ಉಜ್ಜಿ ತೊಳೆಯಲು ಮರೆಯಬೇಡಿ.