ಹಸಿರು ಪೂಲಿಗೆ ಮಳೆ ನೀರೇ ಮದ್ದಾಯ್ತು: ನನ್ನ ಅನುಭವ

ಈ ಬೇಸಿಗೆ ಪೂರ್ತಿ ನಮ್ಮ ಹೋಂಸ್ಟೇ ಪೂಲ್ ಒಂದು ಸಲವೂ ಹಸಿರಾಗಲಿಲ್ಲ. ಸಕಲೇಶಪುರದ ಕಡೆ ಕಾಫಿ ತೋಟದ ಮಧ್ಯೆ ಪೂಲ್ ಇಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು. ಮೇಲಿಂದ ಸಿಲ್ವರ್ ಓಕ್ ಎಲೆ, ಕೆಳಗೆ ಕಪ್ಪೆ, ಬೋರ್ ನೀರಿನಲ್ಲಿ ಕಬ್ಬಿಣ. "ಮಳೆ ನೀರು ತುಂಬಿಸಿದ್ರೆ ಪಾಚಿ ಇನ್ನೂ ಜಾಸ್ತಿ ಆಗತ್ತೆ ಸರ್" ಅಂತ ಕಾಂಟ್ರಾಕ್ಟರ್ ನಕ್ಕಿದ್ದರು. ನಮ್ಮ ಭಾವನೂ ಜೊತೆಗೆ ನಕ್ಕರು. ಈಗ ಭಾವ ತಮ್ಮ ಪೂಲಿಗೂ ಅದನ್ನೇ ಮಾಡಿಸುತ್ತಿದ್ದಾರೆ.

ನಮ್ಮದು ಸುಮಾರು 55 ಸಾವಿರ ಲೀಟರ್. ಟೆಸ್ಟ್ ಕಿಟ್‌ನಲ್ಲಿ ಕ್ಲೋರಿನ್ 3 ಪಿಪಿಎಂ (ಲೀಟರಿಗೆ 3 ಮಿಲಿಗ್ರಾಂ) ತೋರಿಸುತ್ತಿತ್ತು, ಆದರೂ ಗೋಡೆ ಮುಟ್ಟಿದರೆ ಪಾಚಿ ಜಾರುತ್ತಿತ್ತು. ವರ್ಷಗಟ್ಟಲೆ ಹಾಕಿದ ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆಯ ಫಲ ಅದು. ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಬಂದರೆ ಜೊತೆಗೆ 6 ಪಿಪಿಎಂ ಸಯನ್ಯೂರಿಕ್ ಆಸಿಡ್ ಬರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಈ ಆಸಿಡ್ ಅಲ್ಲೇ ಕೂರುತ್ತದೆ, ಜಾಸ್ತಿಯಾದರೆ ಕ್ಲೋರಿನ್ನನ್ನು ಕೆಲಸ ಮಾಡಲು ಬಿಡದೆ ಹಿಡಿದಿಡುತ್ತದೆ. ಈ ಆಸಿಡ್ ಅಳೆಯುವ ಕಪ್ಪು ಚುಕ್ಕೆ ಟೆಸ್ಟ್ 100ರವರೆಗೆ ಮಾತ್ರ ಅಳೆಯುತ್ತದೆ. ಹಾಗಾಗಿ ಪೂಲ್ ನೀರಿಗೆ ಅಷ್ಟೇ ಒಳ್ಳೆ ನೀರು ಬೆರೆಸಿ ನೋಡಿದೆ, ಬಂದಿದ್ದನ್ನು ಎರಡರಿಂದ ಗುಣಿಸಿದೆ. 160ರ ಹತ್ತಿರ! ಅಷ್ಟಿರುವಾಗ ಕ್ಲೋರಿನ್ 12ರ ಮೇಲೆ ಇರಬೇಕು, 3 ಯಾವ ಮೂಲೆಗೆ?

ಇದು ಗೊತ್ತಾಗುವ ಮುಂಚೆ ಹೋದ ದುಡ್ಡು ಕೇಳಬೇಡಿ. ಪಾಚಿ ಔಷಧಿಗೇ ಒಂದು ಸೀಸನ್‌ಗೆ 15 ಸಾವಿರ. ಪೂಲ್ ಹುಡುಗ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿಸಿದ. ಕಾಫಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಅಂತ ಅದು ನಮ್ಮ ಗೋಡೌನ್‌ನಲ್ಲಿ ಇದ್ದೇ ಇರುತ್ತದಲ್ಲ. ಪಾಚಿ ಸತ್ತಿತು ನಿಜ, ಆದರೆ ಟೈಲ್ಸ್ ಸಂದಿ ನೀಲಿ ತಿರುಗಿತು. ಕೂದಲಿಗೆ ಬ್ಲೀಚ್ ಮಾಡಿಸಿಕೊಂಡು ಬಂದಿದ್ದ ಬೆಂಗಳೂರಿನ ಹುಡುಗಿಯೊಬ್ಬಳ ತಲೆ ಹಸಿರಾಯಿತು. ರಿವ್ಯೂ ಹೇಗೆ ಬಂತು ಅಂತ ಬೇರೆ ಹೇಳಬೇಕಾ? ಇನ್ನೊಂದು ಬೇಸಿಗೆಯಲ್ಲಿ ಪೂಲ್ ಖಾಲಿ ಮಾಡಿಸಿ ಟ್ಯಾಂಕರ್ ತರಿಸಿದೆವು, 14-15 ಸಾವಿರ ಆಯಿತು. ಅದೂ ಯಾವುದೋ ಬೋರಿನ ನೀರೇ. ಕ್ಲೋರಿನ್ ಬಿದ್ದ ಕೂಡಲೇ ಕಣ್ಣ ಮುಂದೆಯೇ ಬ್ಲ್ಯಾಕ್ ಟೀ ಆಗಿಹೋಯಿತು.

ಕಬ್ಬಿಣ ಇಲ್ಲದ ನೀರು ಪುಕ್ಕಟೆ ಸಿಗುವುದು ಆಕಾಶದಿಂದ ಮಾತ್ರ. ಕಳೆದ ಮಳೆಗಾಲ, ಜೂನ್ ಕೊನೆಗೆ ಫಿಲ್ಟರ್ ವಾಲ್ವನ್ನು ವೇಸ್ಟ್‌ಗೆ (ನೀರು ಹೊರಹೋಗುವ ಕಡೆಗೆ) ತಿರುಗಿಸಿ ಒಂದೂವರೆ ಅಡಿ ಇಳಿಸಿದೆ, ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಮಳೆ ಸುಮ್ನೆ ಮೇಲೆ ಬಿದ್ದು ಓವರ್‌ಫ್ಲೋದಲ್ಲಿ ಹೋದರೆ ಅಷ್ಟು ಲಾಭವಿಲ್ಲ. ಮೊದಲು ಇಳಿಸಲೇಬೇಕು. ಪೂರ್ತಿ ಖಾಲಿ ಮಾತ್ರ ಮಾಡಬೇಡಿ. ಮಳೆಗಾಲದಲ್ಲಿ ನೆಲದ ನೀರು ಮೇಲೆ ಬಂದಿರುತ್ತದೆ, ಖಾಲಿ ತೊಟ್ಟಿಯನ್ನೇ ಎತ್ತಿ ಬಿರುಕು ಬಿಡಿಸುತ್ತದೆ. ಹಂಚಿನ ದೋಣಿಯ ನೀರನ್ನೂ ಪೈಪಿನಲ್ಲಿ ತಿರುಗಿಸಿದೆ, ಮೊದಲ ಮಳೆಗಳದ್ದು ಬಿಟ್ಟು. ಒಂದು ವಾರ, ಹತ್ತು ದಿನಕ್ಕೆ ತುಂಬಿತು. ಪಂಪ್ ಓಡಿಸಿ ಬೆರೆಸಿ, ಮತ್ತೆ ಇಳಿಸಿದೆ. ಹೀಗೇ ಮಾಡುತ್ತಾ ಆಗಸ್ಟ್ ಮುಗಿಯುವಷ್ಟರಲ್ಲಿ 160 ಇದ್ದದ್ದು 50ಕ್ಕೆ ಬಂತು.

ಮಳೆ ನೀರು ತೀರಾ ಮೆದು, ಟೈಲ್ಸ್ ಸಂದಿ ತಿನ್ನುತ್ತದೆ. ಅದಕ್ಕೆ ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್, ಆರೇಳು ಕೆಜಿ ಅಡುಗೆ ಸೋಡಾ. ನಮ್ಮ ಪೂಲಿಗೆ ಒಂದು ಕೆಜಿ ಸೋಡಾ ಹಾಕಿದರೆ ಕ್ಷಾರ 10 ಪಿಪಿಎಂ ಏರುತ್ತದೆ. ಆಮೇಲೆ ಮಾತ್ರೆ ಬಂದ್, ಲಿಕ್ವಿಡ್ ಕ್ಲೋರಿನ್ ಶುರು. ಒಂದು ಸಂಜೆ 10-11 ಲೀಟರ್ ಸುರಿದು ಕ್ಲೋರಿನ್ 20ಕ್ಕೆ ಏರಿಸಿದೆ, ಇಳಿದಾಗಲೆಲ್ಲ ಮತ್ತೆ ಹಾಕಿದೆ. ರಾತ್ರಿ ಕಳೆದು ಬೆಳಿಗ್ಗೆಗೆ ಕ್ಲೋರಿನ್ ಇಳಿದದ್ದು 1 ಪಿಪಿಎಂ ಕೂಡ ಇಲ್ಲ ಅಂದಾಗ ಪಾಚಿ ಸತ್ತಿತು ಅಂತ ಲೆಕ್ಕ. ಈಗ ದಿನಾ ಸಂಜೆ ಒಂದು ಲೀಟರ್, ಬಿಸಿಲು ಜೋರಿದ್ದರೆ ಒಂದೂವರೆ. ಲೀಟರಿಗೆ 25 ರೂಪಾಯಿ ಅಂದರೂ ತಿಂಗಳಿಗೆ ಸಾವಿರದ ಆಸುಪಾಸು. ಮೊದಲು ನಾಲ್ಕೈದು ಸಾವಿರ ಹೋಗುತ್ತಿತ್ತು. ಕ್ಯಾನ್ ನೆರಳಲ್ಲಿಡಿ, ಬಿಸಿಲಿಗಿಟ್ಟರೆ ಬರೀ ನೀರು.

ಬೇಸಿಗೆಯಲ್ಲಿ ಬೋರ್ ನೀರು ಸ್ವಲ್ಪ ಬಿಡಲೇಬೇಕಲ್ವಾ? ಪೈಪಿನ ಬಾಯಿಗೆ ಒಂದು ಚೀಲ ಕಟ್ಟುತ್ತೇನೆ, ಕಬ್ಬಿಣ ಅದರಲ್ಲೇ ನಿಲ್ಲುತ್ತದೆ. ಚೀಲದೊಳಗೆ ಏನಿದೆ ಅನ್ನುವುದು ನನಗೇ ಇರಲಿ.

ನುಗ್ಗೆ ಬೀಜದ ಪುಡಿಯನ್ನೂ ಡ್ರಮ್‌ನಲ್ಲಿ ಹಾಕಿ ನೋಡಿದೆ. ಕೆಸರು ಚೆನ್ನಾಗಿ ಕೂತಿತು, ಆದರೆ ಇದ್ದ ಕ್ಲೋರಿನ್ನನ್ನೂ ತಿಂದುಹಾಕಿತು. ಪೂಲಿಗೆ ಪಟಿಕವೇ ಸರಿ. ರಾತ್ರಿ ಹಾಕಿ ಪಂಪ್ ನಿಲ್ಲಿಸಿ, ಬೆಳಿಗ್ಗೆ ತಳದ್ದನ್ನು ಫಿಲ್ಟರಿಗೆ ಬಿಡದೆ ನೇರ ಹೊರಗೆ ಎಳೆಸಿ. ಆ ನೀರನ್ನು ಕಾಫಿ ಗಿಡಕ್ಕೆ ಬಿಡಬೇಡಿ.