ಪೈಪಿನ ರೆಕ್ಕೆ ಕೊನೆಗೂ ಕೂತಿತು

‘ಅಣ್ಣ, ಪೈಪ್ ಕತ್ತರಿಸೋಕೂ ಕಂಪ್ಯೂಟರ್ ಬೇಕಾ? ಸೀಮೆಸುಣ್ಣ ಕೊಡಿ, ಗೀಚಿ ಕತ್ತರಿಸ್ತೀನಿ’ ಅಂದಿದ್ದ ನಮ್ಮ ವೆಲ್ಡರ್. ಅವನು ಗೀಚಿದ ಎರಡು ತುಂಡು ಯಾವತ್ತೂ ಒಂದೇ ಥರ ಇರಲಿಲ್ಲ, ಅದು ಬೇರೆ ಮಾತು.

ಶಿವಮೊಗ್ಗದಲ್ಲಿ ನಮ್ಮದು ಸಣ್ಣ ಶೆಡ್. ತೀರ್ಥಹಳ್ಳಿ ಕಡೆಯವರೊಬ್ಬರ ಅಡಿಕೆ ಸುಲಿಯುವ ಯಂತ್ರಕ್ಕೆ ಸಿಪ್ಪೆ ಪಕ್ಕಕ್ಕೆ ತಿರುಗಿಸುವ ರೆಕ್ಕೆ ಬೇಕಿತ್ತು. 4 ಇಂಚು ಪೈಪಿನ ಮೂರನೇ ಒಂದು ಪಾಲು, ಸೀಳಿದ ಅಡಿಕೆ ಮರದ ದಬ್ಬೆಯ ಚೂರಿನ ಹಾಗೆ. ಒಂದು ಅಂಚು ನೇರ, ಇನ್ನೊಂದು ಹಾವಿನಂತೆ ಬಳುಕಬೇಕು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾಡೆಲ್ ಮಾಡುವ ಫ್ರೀಕ್ಯಾಡ್‌ನಲ್ಲಿ ಪೈಪ್ ಎಳೆದು, ಮೇಲಿನಿಂದ ರೆಕ್ಕೆಯ ಆಕಾರದ ಸ್ಕೆಚ್ ಹಾಕಿ, ಕಟ್ ಕೊಟ್ಟೆ. ಪರದೆ ಮೇಲೆ ಚೆಂದ ಕಂಡಿತು. ಆದರೆ ಕಟ್ ನೇರ ಕೆಳಗಿಳಿಯುತ್ತದೆ, ಗ್ರೈಂಡರ್ ಪೈಪಿನ ಮೈಗೆ ಲಂಬವಾಗಿ ಕೊಯ್ಯುತ್ತದೆ. ಬದಿಗೆ ಹೋದ ಹಾಗೆ ಒಳಗಿನ ಗೆರೆಗೂ ಹೊರಗಿನ ಗೆರೆಗೂ 6-7 ಮಿಮೀ ವ್ಯತ್ಯಾಸ. ತುಂಡು ಕೂರಲೇ ಇಲ್ಲ.

ಆಮೇಲೆ ಉಲ್ಟಾ ಹೊರಟೆ. ಪೈಪಿನ ಹೊರಮೈಯದ್ದೇ ದಪ್ಪವಿಲ್ಲದ ಸಿಪ್ಪೆ ಮಾಡಿದೆ: 114.3 ಮಿಮೀ ವ್ಯಾಸದ (4 ಇಂಚು ಪೈಪಿನ ಹೊರ ಅಳತೆ ಅಷ್ಟು) ಕಮಾನು, ಸಾಲಿಡ್ ಮಾಡದೆ ಎಕ್ಸ್‌ಟ್ರೂಡ್, ಅಂದರೆ ಉದ್ದಕ್ಕೆ ಎಳೆದದ್ದು. ಅದಕ್ಕೆ ಸ್ಕೆಚ್‌ನಿಂದ ಎಬ್ಬಿಸಿದ ದಿಮ್ಮಿಯೊಂದಿಗೆ ಕಾಮನ್, ಅಂದರೆ ಎರಡಕ್ಕೂ ಸೇರಿದ ಭಾಗ ಮಾತ್ರ ಉಳಿಸುವುದು. ಕೊನೆಗೆ ಒಳಕ್ಕೆ ಪೈಪಿನ ದಪ್ಪದಷ್ಟು, 4.5 ಮಿಮೀ ಆಫ್‌ಸೆಟ್ (ಮೈಯನ್ನು ಅಷ್ಟು ಸರಿಸುವುದು), ನಡುವಿನ ಜಾಗ ತುಂಬಲು ಫಿಲ್ ಟಿಕ್ ಮಾಡಿ. ಅಂಚು ಮೈಗೆ ಲಂಬವಾಗಿ ಬಂತು.

ಅಷ್ಟಕ್ಕೇ ಬೀಗಿಬಿಟ್ಟೆ. ಪೈಪಿಗೆ ಸುತ್ತಿ ಗುರುತು ಹಾಕಲು ಅದನ್ನೇ ಅನ್‌ಫೋಲ್ಡ್ ಮಾಡಿ, ಅಂದರೆ ಚಪ್ಪಟೆಯಾಗಿ ಬಿಚ್ಚಿ, ರಟ್ಟಿಗೆ ಪ್ರಿಂಟ್ ಹಾಕಿಸಿದರೆ, ಸುತ್ತಿದಾಗ 5 ಮಿಮೀ ಸಾಲದು. ಬಿಚ್ಚುವ ಅಳತೆ ದಪ್ಪದ ಯಾವ ಪದರದ್ದು ಅಂತ ಹೇಳುವ ಕೆ ಫ್ಯಾಕ್ಟರ್ 0.5 ಇಟ್ಟಿದ್ದೆ, ಅಳತೆ ಪೈಪಿನ ದಪ್ಪದ ನಡುವಿನಿಂದ ಬಂದಿತ್ತು. ಸುತ್ತುವುದು ಹೊರಮೈಗೆ ಅಲ್ವಾ! ಮೂರು ತುಂಡು ಗುಜರಿಗೆ, ಸುಮಾರು 1,200 ರೂಪಾಯಿ. ಒಂದು ಸಲ ಪ್ರಿಂಟ್ ಅಂಗಡಿಯವನು ಪುಟಕ್ಕೆ ಹೊಂದಿಸಿ ಕುಗ್ಗಿಸಿಬಿಟ್ಟ. ಅಂದಿನಿಂದ ಪ್ರಿಂಟ್ ಅಳೆದು ನೋಡಲು ಮೂಲೆಯಲ್ಲಿ 100 ಮಿಮೀ ಗೆರೆ ಹಾಕಿರುತ್ತೇನೆ.

ಕೊನೆಗೆ ಪೈಪ್ ಬಿಟ್ಟು ರಟ್ಟನ್ನೇ ಮಾಡೆಲ್ ಮಾಡಿದೆ. ಅದೇ ಸಿಪ್ಪೆಗೆ ಹೊರಕ್ಕೆ ರಟ್ಟಿನ ದಪ್ಪದಷ್ಟು, 0.3 ಮಿಮೀ ಆಫ್‌ಸೆಟ್, ಅದನ್ನು ಅನ್‌ಫೋಲ್ಡ್. ಅನ್‌ಫೋಲ್ಡ್‌ಗೆ ಒಂದು ಚಪ್ಪಟೆ ಮುಖ ಬೇಕು. ನೇರ ಅಂಚಿಗೆ 10 ಮಿಮೀ ಪಟ್ಟಿ ಸೇರಿಸಿದೆ. ಆ ಪಟ್ಟಿಯೇ ಹೆಬ್ಬೆರಳಲ್ಲಿ ಒತ್ತಿ ಹಿಡಿಯಲು ಹಿಡಿಕೆ ಆಯಿತು. ರಟ್ಟು ಕೂದಲೆಳೆ ಬಿಡದೆ ಕೂತಿತು.

ನಡುವೆ ಒಂದು ಹುಚ್ಚು. ರಟ್ಟಿನ ಬದಲು ಹಸಿ ಅಡಿಕೆ ಹಾಳೆಯಲ್ಲಿ ಟೆಂಪ್ಲೇಟ್ ಕತ್ತರಿಸಿದೆ. ಪೈಪಿಗೆ ಚರ್ಮದಂತೆ ಅಂಟಿಕೊಂಡಿತು. ಮರುದಿನ ಒಣಗಿ ಹಪ್ಪಳದ ಹಾಗೆ ಮುರುಟಿತ್ತು. ಹೆಂಡತಿ ಅದನ್ನು ಒಲೆಗೆ ಹಾಕಿದಳು.

ಈಗ ರೆಕ್ಕೆ ಒಂದಕ್ಕೆ 15 ನಿಮಿಷ. ಮೊದಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಉಜ್ಜುವುದೇ ಜಾಸ್ತಿ. ಗ್ರೈಂಡರ್ ಡಿಸ್ಕ್ ತಿನ್ನುವ ಜಾಗಕ್ಕೆ ಎಲ್ಲಿ ಎಷ್ಟು ಬಿಡುತ್ತೇನೆ ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡು. ವೆಲ್ಡರ್ ಈಗ 6 ಇಂಚಿಗೂ ಒಂದು ರಟ್ಟು ಕೇಳುತ್ತಿದ್ದಾನೆ. ಕೊಯ್ಲು ಮುಗಿಯಲಿ ಅಂದಿದ್ದೇನೆ.